ಬಣ್ಣ ಆಮೇಲೆ, ಮೊದಲು ಅಚ್ಚು ನೋಡಿ

ಹೋದ ಬೇಸಿಗೆ ರಜೆಯಲ್ಲಿ ಕಲಬುರಗಿಯ ನಮ್ಮ ಬಡಾವಣೆಯ ಮಕ್ಕಳು ಮರದ ಪುಟ್ಟ ಕಾರುಗಳನ್ನು ಮಾಡಿ ಓಟಕ್ಕೆ ತಂದಿದ್ದರು. ಒಟ್ಟು ಒಂಬತ್ತು ಕಾರು. ಎಲ್ಲರ ಕಣ್ಣು ಸೆಳೆದದ್ದು ಕೆಂಪು ಬಣ್ಣದ್ದು: ಮೂರು ಕೈ ಬಣ್ಣ, ಅದರ ಮೇಲೆ ವಾರ್ನಿಷ್, ಎರಡೂ ಪಕ್ಕದಲ್ಲಿ ಹಳದಿ ಬೆಂಕಿಯ ನಾಲಿಗೆ. ಇಳಿಜಾರಿನಲ್ಲಿ ಬಿಟ್ಟೊಡನೆ ಅದು ಎಡಕ್ಕೆ ಎಳೆಯಿತು, ದಾರಿಯ ನಡುವಿನ ಪಟ್ಟಿಗೆ ಉಜ್ಜಿಕೊಂಡು ಅರ್ಧ ದಾರಿಯಲ್ಲೇ ನಿಂತಿತು. ತಂದಿದ್ದ ಹುಡುಗಿ ಕಾರನ್ನು ಎತ್ತಿ, ಗಾಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ಎರಡು ಸುತ್ತು ತಿರುಗಿ ಗಾಲಿ ಸುಮ್ಮನಾಯಿತು. ಅವಳ ಮನೆಯವರು ಬಣ್ಣಕ್ಕೆ ಎಂಟು ದಿನ, ಗಾಲಿಗೆ ಅರ್ಧ ಗಂಟೆ ಕೊಟ್ಟಿದ್ದರು. ಒಂಬತ್ತರಲ್ಲಿ ಆರು ಕಾರುಗಳ ಪಾಡು ಹೀಗೆಯೇ ಇತ್ತು. ಈ ಲೇಖನ ಅದಕ್ಕಾಗಿಯೇ.

ಈ ಆಟ ಅಮೆರಿಕದಿಂದ ಬಂದದ್ದು. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನಲ್ಲಿ ಡಾನ್ ಮರ್ಫಿ ಎಂಬ ತಂದೆ, ಮಕ್ಕಳೇ ಕೂತು ಇಳಿಜಾರಿನಲ್ಲಿ ಓಡಿಸುವ ದೊಡ್ಡ ಕಾರಿನ ಓಟಕ್ಕೆ ಮಗನಿಗೆ ವಯಸ್ಸು ಸಾಲದು ಎಂದು, 1953ರಲ್ಲಿ ಸ್ಕೌಟ್ ಮಕ್ಕಳಿಗಾಗಿ ಪೈನ್ ಮರದ ತುಂಡಿನ ಕಾರು ಓಟ ಶುರು ಮಾಡಿದರು. ಅಲ್ಲಿ ಅದಕ್ಕೆ ಪೈನ್‌ವುಡ್ ಡರ್ಬಿ ಎಂದು ಹೆಸರು. ಕಾರಿಗೆ ಎಂಜಿನ್ ಇಲ್ಲ, ತಳ್ಳುವಂತಿಲ್ಲ. ಇಳಿಜಾರು ಕೊಟ್ಟ ವೇಗವೇ ಬಂಡವಾಳ. ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ನಾವು 140 ಗ್ರಾಂ ಎಂದು ಇಟ್ಟುಕೊಂಡಿದ್ದೇವೆ.

ನಮ್ಮ ಭಾಗಕ್ಕೆ ಇದು ಹೇಳಿ ಮಾಡಿಸಿದ ಬೇಸಿಗೆಯ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ, ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಮಕ್ಕಳು ಮನೆಯಲ್ಲೇ. ನಾಲ್ಕು ಮಧ್ಯಾಹ್ನಗಳಲ್ಲಿ ಕಾರು ಸಿದ್ಧವಾಗುತ್ತದೆ.

ಮರ

18 ಸೆಂ.ಮೀ. ಉದ್ದ, 4.5 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪದ ತುಂಡು ಬೇಕು. ‘ಸಾಗವಾನಿಯೇ ಇರಲಿ’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ದಯವಿಟ್ಟು ಬೇಡ. ಈ ಅಳತೆಯ ಸಾಗವಾನಿ ತುಂಡು ಕೆತ್ತುವ ಮೊದಲೇ 150 ಗ್ರಾಂ ದಾಟಿರುತ್ತದೆ, ಜಾಲಿ ಇನ್ನೂ ಭಾರ. ಯಂತ್ರಗಳನ್ನು ತುಂಬಿ ತರುವ ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಹಲಗೆ ಹಗುರ, ಮಕ್ಕಳ ಕೈಗರಗಸಕ್ಕೂ ಬಗ್ಗುತ್ತದೆ. ಮರ ಹಗುರವಾಗಿದ್ದರೆ ಉಳಿದ ತೂಕವನ್ನು ನಮಗೆ ಬೇಕಾದ ಕಡೆ ಇಡಬಹುದು. ಗಂಟಿಲ್ಲದ, ಎಳೆ ನೇರವಾಗಿರುವ ತುಂಡನ್ನು ಆರಿಸಿ.

ಆಕಾರ

ಮೂತಿ ತೆಳ್ಳಗೆ, ಹಿಂಭಾಗ ಸ್ವಲ್ಪ ದಪ್ಪ, ಅಷ್ಟು ಸಾಕು. ಮಗು ಬರೆದ ಗೆರೆಯ ಮೇಲೆ ಮಗುವೇ ಕೊಯ್ಯಲಿ, ಅರ ಮತ್ತು ಉಪ್ಪುಕಾಗದದಿಂದ ಮಗುವೇ ಉಜ್ಜಲಿ. ಆದರೆ ತುಂಡಿನ ತಳದಲ್ಲಿ ಮೊಳೆ ಕೂರಿಸಲು ಗರಗಸದಿಂದ ಕಚ್ಚು ಹಾಕುವ ಕೆಲಸವನ್ನು ಕೆತ್ತುವ ಮೊದಲೇ ಮುಗಿಸಬೇಕು, ಏಕೆಂದರೆ ಚೌಕ ತುಂಡನ್ನು ಅಲುಗದಂತೆ ಹಿಡಿಯುವುದು ಸುಲಭ, ಬಾಗಿದ್ದನ್ನು ಹಿಡಿಯುವುದು ಕಷ್ಟ.

ಅಚ್ಚು ಮತ್ತು ಗಾಲಿ

ಓಟ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಒಂದು ಪೂರ್ತಿ ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಿ.

ಗಾಲಿಗಳು ಒಂದೇ ಆಟಿಕೆ ಕಾರಿನ ನಾಲ್ಕು ಪ್ಲಾಸ್ಟಿಕ್ ಗಾಲಿಗಳಾಗಿರಲಿ, ಸುಮಾರು 3 ಸೆಂ.ಮೀ. ಅಡ್ಡಳತೆಯವು. ನೀರಿನ ಬಾಟಲಿಯ ಮುಚ್ಚಳಕ್ಕೆ ರಂಧ್ರ ಕೊರೆದು ಗಾಲಿ ಮಾಡುವ ವಿಡಿಯೊಗಳನ್ನು ನಂಬಬೇಡಿ. ಬೆಂಕಿಯಲ್ಲಿ ಕಾಯಿಸಿದ ಮೊಳೆಯಿಂದ ಸರಿಯಾಗಿ ನಡುವಿಗೆ ರಂಧ್ರ ಬೀಳುವುದೇ ಇಲ್ಲ, ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಕಾರು ಕುಂಟುತ್ತದೆ.

ಅಚ್ಚಿಗೆ ಒಂದೂಕಾಲು ಇಂಚಿನ ಮೊಳೆಗಳು, ಪ್ರತಿ ಗಾಲಿಗೆ ಒಂದರಂತೆ ನಾಲ್ಕು. ಹನ್ನೆರಡು ಮೊಳೆ ತಂದು ಅದರಲ್ಲಿ ನಾಲ್ಕನ್ನು ಆರಿಸಿ. ಗಾಜಿನ ಮೇಲೆ ಮೊಳೆಯನ್ನು ಉರುಳಿಸಿದಾಗ ತುದಿ ಮೇಲೆ ಕೆಳಗೆ ಆಡಿದರೆ ಅದು ಬಾಗಿದ ಮೊಳೆ, ತೆಗೆದಿಡಿ. ಗಾಲಿ ಅದರ ಮೇಲೆ ಸಲೀಸಾಗಿ ತಿರುಗಬೇಕು, ಆದರೆ ತೊನೆಯಬಾರದು.

ಈಗ ಮೊಳೆಯ ತಲೆಯ ಕೆಳಭಾಗವನ್ನು ಉಗುರಿನಿಂದ ಸವರಿ ನೋಡಿ. ಸಣ್ಣ ಗೀರುಗಳು, ತಲೆಯ ಒಳಮೈಯಲ್ಲಿ ಚೂಪಾದ ಅಂಚು ಸಿಗುತ್ತವೆ. ಕಾರ್ಖಾನೆಯಲ್ಲಿ ತಂತಿಯನ್ನು ಬಿಗಿಯಾಗಿ ಹಿಡಿದು ತಲೆ ಜಜ್ಜುವಾಗ ಉಳಿದ ಗುರುತುಗಳು ಅವು. ಗಾಲಿ ತಿರುಗುವುದು ಇದೇ ಜಾಗದಲ್ಲಿ; ಅಂಗಡಿಯಿಂದ ತಂದ ಮೊಳೆಯನ್ನು ಹಾಗೆಯೇ ಹಾಕಿದರೆ ಪ್ರತಿ ಸುತ್ತಿಗೂ ಗಾಲಿಯನ್ನು ಅರ ಹಾಕಿ ಉಜ್ಜಿದಂತೆ. ಡ್ರಿಲ್ ಯಂತ್ರಕ್ಕೆ ಮೊಳೆಯ ಚೂಪು ತುದಿಯನ್ನು ಸಿಕ್ಕಿಸಿ, ಹಿರಿಯರು ನಿಧಾನವಾಗಿ ತಿರುಗಿಸಬೇಕು. ಮೊದಲು ಸಣ್ಣ ಅರದಿಂದ ಗೀರುಗಳನ್ನು ತೆಗೆಯಿರಿ. ಬಳಿಕ ನೀರಿನಲ್ಲಿ ಅದ್ದಿದ 400, 800, 1200 ನಂಬರಿನ ಉಪ್ಪುಕಾಗದದ ಉದ್ದ ಪಟ್ಟಿಗಳನ್ನು ಇದೇ ಕ್ರಮದಲ್ಲಿ ಒತ್ತಿ ಹಿಡಿಯಿರಿ. ಪಟ್ಟಿ ಹಿಡಿಯುವ ಕೆಲಸವನ್ನು ಮಗುವಿಗೆ ಕೊಡಬಹುದು, ಆದರೆ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳಕೂಡದು, ತುಂಬುತೋಳಿನ ಅಂಗಿ, ಕೈಗವಸು ಇರಕೂಡದು. ಕೊನೆಗೆ ಬಟ್ಟೆಗೆ ಬಿಳಿ ಹಲ್ಲುಪೇಸ್ಟ್ ಹಚ್ಚಿ ಉಜ್ಜಿ, ತೊಳೆದು ಒಣಗಿಸಿ. ಸರಿಯಾಗಿ ಉಜ್ಜಿದ ಮೊಳೆಯಲ್ಲಿ ಟ್ಯೂಬ್‌ಲೈಟಿನ ಬಿಂಬ ಒಡೆಯದೆ ಒಂದೇ ಗೆರೆಯಾಗಿ ಕಾಣುತ್ತದೆ. ಅಲ್ಲಿಯವರೆಗೆ ನಿಲ್ಲಿಸಬೇಡಿ.

ಮುಂದಿನದು ಕಚ್ಚು. ಮೊಳೆಯನ್ನು ಸುತ್ತಿಗೆಯಿಂದ ನೇರವಾಗಿ ಮರಕ್ಕೆ ಹೊಡೆಯುವುದೇ ಎಲ್ಲರೂ ಮಾಡುವ ತಪ್ಪು. ಮರ ಸೀಳುತ್ತದೆ, ಸೀಳದಿದ್ದರೆ ಮೊಳೆ ಎಳೆ ಹೋದ ಕಡೆ ಓರೆಯಾಗುತ್ತದೆ. ಅದರ ಬದಲು ಮೂಲೆಮಟ್ಟವಿಟ್ಟು ತುಂಡಿನ ತಳದಲ್ಲಿ ಎರಡು ಅಡ್ಡಗೆರೆ ಎಳೆಯಿರಿ: ಹಿಂತುದಿಯಿಂದ 2 ಸೆಂ.ಮೀ.ಗೆ ಒಂದು, ಮುಂತುದಿಯಿಂದ 3 ಸೆಂ.ಮೀ.ಗೆ ಒಂದು. ಆ ಗೆರೆಯ ಮೇಲೆ ಮೊಳೆಯ ದಪ್ಪದಷ್ಟೇ ಆಳಕ್ಕೆ, ಈ ಅಂಚಿನಿಂದ ಆ ಅಂಚಿನವರೆಗೆ ಗರಗಸದಿಂದ ಒಂದೇ ಕಚ್ಚು ಹಾಕಿ. ಕಚ್ಚು ಕಿರಿದಾದರೆ ಎರಡು ಹ್ಯಾಕ್ಸಾ ಬ್ಲೇಡುಗಳನ್ನು ಟೇಪಿನಿಂದ ಜೋಡಿಸಿ ಕೊಯ್ಯಿರಿ. ಒಂದೇ ಕಚ್ಚಿನಲ್ಲಿ ಎದುರುಬದುರಾಗಿ ಮಲಗಿದ ಎರಡು ಮೊಳೆಗಳು ತಾವಾಗಿಯೇ ಒಂದೇ ಸಾಲಿಗೆ ಬರುತ್ತವೆ. ಬಂಡಿಯ ಎರಡು ಗಾಲಿಗೂ ಒಂದೇ ಅಚ್ಚು ಹಾಕುವುದರ ಹಿಂದಿನ ಗುಟ್ಟೂ ಇದೇ.

ಮೊಳೆಗಳ ಮೇಲೆ ತೆಳು ಪ್ಲೈವುಡ್ ಪಟ್ಟಿ ಇಟ್ಟು ಸಣ್ಣ ಸ್ಕ್ರೂಗಳಿಂದ ಬಿಗಿಯಿರಿ. ಗೋಂದು ಬೇಡ. ಅದರಲ್ಲೂ ಕ್ಷಣದಲ್ಲಿ ಅಂಟುವ ತೆಳು ಗೋಂದನ್ನು ಹತ್ತಿರ ತರಲೇಬೇಡಿ; ಅದು ಮೊಳೆಯ ಗುಂಟ ಹರಿದು ಗಾಲಿಯೊಳಗೆ ಸೇರಿಬಿಡುತ್ತದೆ. ಹೋದ ವರ್ಷ ಎರಡು ಕಾರುಗಳು ಹೀಗೆಯೇ ಹಾಳಾದವು. ಗಾಲಿಗೂ ಮರಕ್ಕೂ ನಡುವೆ ಒಂದು ಎಟಿಎಂ ಕಾರ್ಡ್ ದಪ್ಪದಷ್ಟು ಸಂದು ಬಿಡಿ. ಕಾರ್ಡನ್ನೇ ನಡುವೆ ಇಟ್ಟು ಮೊಳೆಯನ್ನು ಒತ್ತಿ, ಪಟ್ಟಿ ಬಿಗಿದ ಮೇಲೆ ತೆಗೆಯಿರಿ.

ಇನ್ನು ಪರೀಕ್ಷೆ. ಇದಕ್ಕೆ ನಮ್ಮಷ್ಟು ಅನುಕೂಲ ಬೇರೆ ಊರಿನವರಿಗೆ ಇಲ್ಲ, ಮನೆಮನೆಯಲ್ಲೂ ಶಹಾಬಾದ್ ಕಲ್ಲಿನ ನೆಲವಿದೆ. ಪಾಲಿಶ್ ಆದ, ಕುಸಿಯದ ಫರಸಿಯನ್ನು (ಹಾಸುಗಲ್ಲನ್ನು) ಆರಿಸಿ. ಉಕ್ಕಿನ ಅಳತೆಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಮೊಬೈಲ್ ಬೆಳಕು ಬಿಟ್ಟರೆ ತಗ್ಗು ಎಲ್ಲಿದೆ ಎಂದು ಗೊತ್ತಾಗುತ್ತದೆ. ಸೀಮೆಸುಣ್ಣದಿಂದ ಒಂದೂವರೆ ಮೀಟರ್ ಉದ್ದದ ಗೆರೆ ಎಳೆದು, ಕಾರನ್ನು ಅದರ ಮೇಲೆ ಮೆಲ್ಲಗೆ ಉರುಳಿಸಿ. ಕೊನೆಯಲ್ಲಿ ಗೆರೆಯಿಂದ 2–3 ಸೆಂ.ಮೀ. ಸರಿದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಪಟ್ಟಿ ಸಡಿಲಿಸಿ, ಮುಂದಿನ ಒಂದು ಮೊಳೆಯ ಪಕ್ಕಕ್ಕೆ, ಕಚ್ಚಿನ ಅಂಚಿನ ಬಳಿ, ನೋಟ್‌ಬುಕ್ ಕಾಗದದ ಚೂರು ಸೇರಿಸಿ ಮತ್ತೆ ಬಿಗಿಯಿರಿ. ಎಳೆತ ಹೆಚ್ಚಾದರೆ ಚೂರನ್ನು ಇನ್ನೊಂದು ಬದಿಗೆ ಹಾಕಿ. ಹತ್ತು ಹದಿನೈದು ಸಲ ಮಾಡಬೇಕಾಗಬಹುದು. ಮಕ್ಕಳು ಬೇಸರಪಡುತ್ತಾರೆ ಎಂದು ನೀವೇ ಮಾಡಿ ಮುಗಿಸಬೇಡಿ. ಯಾವ ಕಡೆ ಚೂರು ಇಟ್ಟರೆ ಯಾವ ಕಡೆ ತಿರುಗುತ್ತದೆ ಎಂದು ಮೂರನೆಯ ಸಲಕ್ಕೆ ಅವರೇ ಹೇಳತೊಡಗುತ್ತಾರೆ.

ಎಣ್ಣೆಯ ವಿಷಯ. ಅಡುಗೆಮನೆಯ ಕುಸುಬೆ ಎಣ್ಣೆಯನ್ನು ಒಂದು ಹನಿ ಬಿಡುವ ಅಭ್ಯಾಸ ನಮ್ಮಲ್ಲಿದೆ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ದಿನ ಕಳೆದಂತೆ ಅದು ಧೂಳು ಹಿಡಿದು ಗಾಲಿಯನ್ನು ಬಂಧಿಸುತ್ತದೆ. ಬೇಕಾದದ್ದು ಒಣ ಗ್ರಾಫೈಟ್ ಪುಡಿ. ಸಿಗದಿದ್ದರೆ 6ಬಿ ಪೆನ್ಸಿಲಿನ ಮೊನೆಯನ್ನು ಉಪ್ಪುಕಾಗದದ ಮೇಲೆ ಉಜ್ಜಿ ಪುಡಿ ಮಾಡಿ. ಶಾಲೆಯ ಎಚ್‌ಬಿ ಪೆನ್ಸಿಲಿನಲ್ಲಿ ಜೇಡಿಮಣ್ಣಿನ ಪಾಲು ಹೆಚ್ಚು, ಅದು ಬೇಡ. ಪುಡಿಯನ್ನು ಗಾಲಿಯ ರಂಧ್ರಕ್ಕೆ ತುಂಬಿ, ಇಪ್ಪತ್ತು ಸಲ ತಿರುಗಿಸಿ, ಮತ್ತೆ ತುಂಬಿ.

ತೂಕ

ಭಾರದ ಕಾರೇ ಬೇಗ ಇಳಿಯುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ತಿಕ್ಕಾಟವಾಗಲಿ ಗಾಳಿಯಾಗಲಿ ಇಲ್ಲದಿದ್ದರೆ ಇಲ್ಲ ಎಂದು ನಿಜವನ್ನೇ ಹೇಳಿ. ಗಾಳಿ ಎಲ್ಲ ಕಾರನ್ನೂ ಹೆಚ್ಚುಕಡಿಮೆ ಒಂದೇ ಬಲದಿಂದ ತಡೆಯುತ್ತದೆ, ಭಾರದ ಕಾರಿಗೆ ಆ ತಡೆ ಕಡಿಮೆ ತಾಗುತ್ತದೆ. ಆದ್ದರಿಂದ 140 ಗ್ರಾಂಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಭಾರವನ್ನು ಹಿಂಭಾಗದಲ್ಲಿಡಿ. ಇಳಿಜಾರಿನಲ್ಲಿ ನಿಂತ ಕಾರಿನ ಹಿಂಭಾಗ ಎತ್ತರದಲ್ಲಿರುತ್ತದೆ, ಅಲ್ಲಿಟ್ಟ ಭಾರ ಹೆಚ್ಚು ದೂರ ಕೆಳಗಿಳಿದು ಹೆಚ್ಚು ವೇಗ ಕೊಡುತ್ತದೆ. ಕಾರನ್ನು ಪೆನ್ಸಿಲಿನ ಮೇಲೆ ಅಡ್ಡ ಇಟ್ಟಾಗ ಹಿಂದಿನ ಅಚ್ಚಿಗಿಂತ ಎರಡೂವರೆ ಸೆಂ.ಮೀ. ಮುಂದೆ ಸಮತೋಲ ಸಿಗಬೇಕು. ಇನ್ನೂ ಹಿಂದೆ ಸರಿದರೆ ಮೂತಿ ಎದ್ದು ಕಾರು ಹಳಿ ತಪ್ಪುತ್ತದೆ. ಕಬ್ಬಿಣದ ವಾಷರುಗಳನ್ನು ಸ್ಕ್ರೂ ಹಾಕಿ ಕೂರಿಸಿ. ಸೀಸ ವಿಷ, ಮಕ್ಕಳ ಕೈಗೆ ಕೊಡಬೇಡಿ. ತೂಗಲು ಅಕ್ಕಸಾಲಿಗರ ತಕ್ಕಡಿಯೇ ಸರಿ. ಅಡುಗೆಮನೆಯ ತಕ್ಕಡಿಯಾದರೆ ಮೊದಲು ಎರಡು ಲೋಹ ಸೇರಿಸಿ ಮಾಡಿದ ಹತ್ತು ರೂಪಾಯಿಯ ಹತ್ತು ನಾಣ್ಯಗಳನ್ನು ಒಟ್ಟಿಗೆ ಇಟ್ಟು ನೋಡಿ, 77 ಗ್ರಾಂ ತೋರಿಸಬೇಕು.

ಬಣ್ಣ

ಗಾಲಿ ಬಿಚ್ಚಿಟ್ಟು, ಕಚ್ಚಿಗೆ ಟೇಪ್ ಅಂಟಿಸಿ, ಮಗುವಿಗೆ ಇಷ್ಟವಾದದ್ದನ್ನು ಹಚ್ಚಿ. ನನಗೆ ಅಗಸೆ ಎಣ್ಣೆಯೇ ಇಷ್ಟ, ಮರದ ಎಳೆ ಎದ್ದು ಕಾಣುತ್ತದೆ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ದಾರಿ ಮತ್ತು ಓಟ

8 ಅಡಿ ಉದ್ದದ 6 ಮಿ.ಮೀ. ಪ್ಲೈವುಡ್ ಹಾಳೆಯಲ್ಲಿ ಎರಡು ದಾರಿ, ಪ್ರತಿ ದಾರಿಯ ನಡುವೆ 4 ಸೆಂ.ಮೀ. ಅಗಲದ ತೆಳು ಪಟ್ಟಿ. ಗಾಲಿಗಳು ಪಟ್ಟಿಯ ಎರಡೂ ಬದಿಗೆ ಓಡುತ್ತವೆ. ಮೇಲ್ತುದಿಯನ್ನು ಮೆಟ್ಟಿಲ ಮೇಲೆ 3 ಅಡಿ ಎತ್ತರಕ್ಕಿಡಿ. ಕೆಳತುದಿ ನೆಲಕ್ಕೆ ಮೂಲೆಯಾಗಿ ತಾಗದೆ ಬಾಗಿ ಕೂರಬೇಕು. ಮೇಲಿನಿಂದ ಬಾಗುವವರೆಗೆ ಅಡಿಯಲ್ಲಿ ಇಟ್ಟಿಗೆ, ಕೊನೆಯ ಎರಡು ಅಡಿಗೆ ಮರಳಿನ ಚೀಲ. ಸೇರುವ ಕಡೆ ಅಗಲ ಟೇಪ್ ಹಚ್ಚಿ. ಅಲ್ಲಿಂದ ಪಡಸಾಲೆಯ ಕಲ್ಲಿನ ಮೇಲೆ ಪಟ್ಟಿಗಳನ್ನು 16 ಅಡಿ ಮುಂದುವರಿಸಿ.

ಕೈಯಿಂದ ಬಿಡುವುದು ಬೇಡ, ಯಾರೋ ಒಬ್ಬರು ತಳ್ಳಿಯೇ ತಳ್ಳುತ್ತಾರೆ. ಎರಡೂ ಕಾರಿನ ಮೂತಿಗೆ ಒಂದೇ ಅಡ್ಡಪಟ್ಟಿ ಇಟ್ಟು ಅದನ್ನು ಕೆಳಕ್ಕೆ ಮಡಚಿ. ಪ್ರತಿ ಜೋಡಿ ದಾರಿ ಬದಲಿಸಿ ಎರಡು ಸಲ ಓಡಲಿ. ಕೊನೆಯ ಗೆರೆಯ ಬಳಿ ಮೊಬೈಲ್ ಇಟ್ಟು ನಿಧಾನಗತಿಯ ವಿಡಿಯೊ ತೆಗೆದರೆ ಜಗಳವಿಲ್ಲ. ಸುತ್ತುಗಳ ನಡುವೆ ಮಕ್ಕಳಿಗೆ ರಿಪೇರಿಗೆ ಸಮಯ ಕೊಡಿ.

ಆ ಕೆಂಪು ಕಾರಿಗೂ ಅಂದು ಸಮಯ ಕೊಟ್ಟೆವು. ಹೊಡೆದಿದ್ದ ಮೊಳೆಗಳನ್ನು ಇಕ್ಕಳದಿಂದ ಎಳೆದು, ಕಚ್ಚು ಹಾಕಿ, ಹೊಸ ಮೊಳೆ ಉಜ್ಜಲು ಎರಡು ಗಂಟೆ ಹಿಡಿಯಿತು. ಕಾಗದದ ಚೂರನ್ನು ಹುಡುಗಿಯೇ ಇಟ್ಟಳು, ನಾಲ್ಕನೆಯ ಸಲಕ್ಕೆ ಸರಿಹೋಯಿತು. ಸಂಜೆ ಮತ್ತೆ ಬಿಟ್ಟಾಗ ಕಾರು ಕೊನೆಯ ಗೆರೆ ದಾಟಿ, ಇನ್ನೂ ಎರಡು ಫರಸಿ ಮುಂದೆ ಹೋಗಿ ಬಾಗಿಲ ಹೊಸ್ತಿಲಿಗೆ ತಾಗಿ ನಿಂತಿತು.