ಭಿಶಿ ಬೇರೆ, ಆಪತ್ತಿನ ಡಬ್ಬಿ ಬೇರೆ

ಪುಣೆಯ ವಸ್ತಿಗಳಲ್ಲಿ (ಬಡವರ ಗುಡಿಸಲು-ಗಲ್ಲಿಗಳಲ್ಲಿ) ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಗೌಂಡಿ-ಬಿಗಾರಿ ಮನೆಗಳ ನಡುವೆ ಸಂಘ ನಡೆಸುವವರಿಗಾಗಿ ಇದು. ಭಿಶಿ ಎಂದರೆ ತಿಂಗಳ ಚೀಟಿ: ಎಲ್ಲರೂ ಕಂತು ಹಾಕುತ್ತಾರೆ, ಪಾಳಿಯ ಪ್ರಕಾರ ತಿಂಗಳಿಗೊಬ್ಬರು ಒಟ್ಟು ಹಣ ಎತ್ತುತ್ತಾರೆ. ಕಾಯಿಲೆ-ಆಪತ್ತಿಗೆಂದು ವಾರವಾರ ಹಣ ಕೂಡಿಡುವ ಡಬ್ಬಿಯ ಮಾತೆತ್ತಿದಾಗ "ನಮ್ಮ ಮಂದಿ ಕೈಯಾಗ ರೊಕ್ಕ ನಿಲ್ಲಂಗಿಲ್ಲ, ಜಾತ್ರಿ ಬಂತಂದ್ರ ಖಾಲಿ" ಎಂದವರೇ ಹೆಚ್ಚು. ನಾಲ್ಕೈದು ವರ್ಷವಾಯಿತು. ಜಾತ್ರೆಗಳು ಬಂದು ಹೋಗಿವೆ, ಡಬ್ಬಿ ಇದೆ.

ಭಿಶಿಯ ದುಡ್ಡಿನಲ್ಲೇ ಆಸ್ಪತ್ರೆ ಖರ್ಚು ನೀಗಿಸಲು ಹೋದರೆ ಎರಡೂ ಕೆಡುತ್ತವೆ. ಇಪ್ಪತ್ತು ಜನ, ತಿಂಗಳಿಗೆ ₹1,000, ಒಬ್ಬರ ಕೈಗೆ ₹20,000 ಎಂದಿಟ್ಟುಕೊಳ್ಳಿ. ಹದಿನೇಳನೆಯ ಪಾಳಿಯವನು ಮೂರನೇ ತಿಂಗಳಲ್ಲೇ ಪರಾಂಚಿಯಿಂದ (ಕಟ್ಟಡಕ್ಕೆ ಕಟ್ಟಿದ ಅಟ್ಟಣಿಗೆಯಿಂದ) ಬೀಳುತ್ತಾನೆ. ಭಿಶಿಯನ್ನು ಸವಾಲಿನಲ್ಲಿ (ಹರಾಜಿನಲ್ಲಿ) ಎತ್ತಿದರೆ ಮೂರು-ನಾಲ್ಕು ಸಾವಿರ ಅಲ್ಲೇ ಹೋಯಿತು. ಕನಿಕರಪಟ್ಟು ಪಾಳಿ ಬಿಟ್ಟುಕೊಟ್ಟರೆ, ಅವನು ಕಾಲು ಮುರಿದುಕೊಂಡು ಊರಿಗೆ ಹೋಗುತ್ತಾನೆ, ಕಂತು ನಿಲ್ಲುತ್ತದೆ, ಮುಂದಿನ ಪ್ರತಿ ಪಾಳಿಗೂ ಸಾವಿರ ಕಡಿಮೆ. ಭಿಶಿಗಳು ಒಡೆಯುವುದು ಬಹುಮಟ್ಟಿಗೆ ಹೀಗೇ, ಮೋಸದಿಂದಲ್ಲ.

ಹಾಗಾಗಿ ಡಬ್ಬಿ ಬೇರೆ. ಮನೆಗೆ ವಾರಕ್ಕೆ ₹50. ನಲವತ್ತರ ಆಸುಪಾಸು ಮನೆ, ವಾರಕ್ಕೆ ಎರಡು ಸಾವಿರ. ಪಗಾರ ಆದ ಸಂಜೆಯೇ ಎತ್ತಬೇಕು. ಮರುದಿನ ಬೆಳಿಗ್ಗೆ ಹೋದರೆ ಅರ್ಧವೂ ಸಿಗುವುದಿಲ್ಲ. ಡಬ್ಬಿಯಲ್ಲಿ ನಗದು ಹತ್ತು ಸಾವಿರದ ಮೇಲೆ ಇಡುವುದಿಲ್ಲ, ಉಳಿದದ್ದು ಮೂವರ ಜಂಟಿ ಖಾತೆಗೆ. ಸ್ಟೀಲ್ ಡಬ್ಬಿಗೆ ಎರಡು ಬೀಗ. ಡಬ್ಬಿ ಒಬ್ಬಳ ಮನೆಯಲ್ಲಿ, ಕೀಲಿಗಳು ಬೇರೆ ಇಬ್ಬರ ಹತ್ತಿರ, ಮೂವರೂ ಒಂದೇ ಗಲ್ಲಿಯವರು. ಗಂಡಸರ ಕೈಗೆ ಕೀಲಿ ಕೊಡಬೇಡಿ. ಯಾಕೆಂದು ನಿಮಗೂ ಗೊತ್ತು.

ಕೊಡುವ ಕ್ರಮ ಹೀಗೆ: ಮೊದಲ ₹3,000 ಯಾವ ಪ್ರಶ್ನೆಯೂ ಇಲ್ಲದೆ, ರಾತ್ರಿ ಎರಡಕ್ಕಾದರೂ. ಅದರ ಮೇಲೆ ಹತ್ತು ಸಾವಿರದವರೆಗೆ ಇಬ್ಬರ ಜಾಮೀನು. ಬಡ್ಡಿ ಇಲ್ಲ. ನಾಲ್ಕು ವಾರ ಬಿಟ್ಟು ವಾಪಸಾತಿ ಶುರು, ವಾರಕ್ಕೆ ₹300ರಿಂದ 500. ಬಡ್ಡಿ ಹಚ್ಚಿ ನೋಡಿದ್ದೂ ಉಂಟು. ಬಡ್ಡಿ ಕಟ್ಟಿದವನು "ನಾ ಕೊಟ್ಟೀನಲ್ಲ" ಎಂದು ಅಸಲನ್ನು ಮುಂದೂಡುತ್ತಾನೆ. ಇಷ್ಟು ವರ್ಷದಲ್ಲಿ ಮುಳುಗಿದ್ದು ಒಟ್ಟು ಹನ್ನೆರಡು-ಹದಿಮೂರು ಸಾವಿರ ಇರಬಹುದು. ಮೈಕ್ರೊಫೈನಾನ್ಸಿನವರು ಹೊಟ್ಟೆಕಿಚ್ಚು ಪಡುವಂಥ ಲೆಕ್ಕ ಇದು.

ಆದರೆ ದುಡ್ಡು ಅರ್ಧ ಕೆಲಸ ಮಾತ್ರ. ಉಳಿದರ್ಧ ಫೈಲು ಮತ್ತು ಆಸ್ಪತ್ರೆಯ ಪಾಳಿ.

ಫೈಲಿನಲ್ಲಿ ಮನೆಗೊಂದು ಪ್ಲಾಸ್ಟಿಕ್ ಚೀಲ: ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಜೆರಾಕ್ಸ್, ರಕ್ತದ ಗುಂಪು, ಊರಿನ ಫೋನ್ ನಂಬರು. ಮಹಾರಾಷ್ಟ್ರದ ಟ್ರಸ್ಟ್ ಆಸ್ಪತ್ರೆಗಳಿಗೆ 2006ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿದ ಯೋಜನೆ ನಿಮಗೆ ಗೊತ್ತಿದೆ: ನೂರಕ್ಕೆ ಹತ್ತು ಹಾಸಿಗೆ ಬಡವರಿಗೆ ಪುಕ್ಕಟೆ, ಇನ್ನು ಹತ್ತು ಅರ್ಧ ದರಕ್ಕೆ, ಬಿಲ್ಲಿನ ಶೇಕಡಾ 2 ಬಡರೋಗಿಗಳ ನಿಧಿಗೆ. ತುರ್ತು ಇದ್ದರೆ ಠೇವಣಿ ಕೇಳದೆ ಸೇರಿಸಿಕೊಳ್ಳಬೇಕು. ಕಾನೂನು ಚೆನ್ನಾಗಿದೆ; ಕಾಗದ ಇಲ್ಲದವನಿಗೆ ಮಾತ್ರ ಹಾಸಿಗೆ ಯಾವಾಗಲೂ "ಫುಲ್". ನಮ್ಮವರ ಕಾಗದ ಊರಿನಲ್ಲಿರುತ್ತದೆ. ಅದಕ್ಕೆ ಜಾತ್ರೆಗೆ ಹೋದಾಗ ನಾಡಕಚೇರಿಯಲ್ಲಿ ಆದಾಯ ಪತ್ರ ಮಾಡಿಸಿಕೊಂಡೇ ಬರಬೇಕು, ಐದು ವರ್ಷ ನಡೆಯುತ್ತದೆ. ಇಂಗ್ಲಿಷಿನಲ್ಲೇ ಕೇಳಿ, ಕನ್ನಡದ ಪತ್ರ ಇಲ್ಲಿನ ಕೌಂಟರಿನಲ್ಲಿ ಯಾರಿಗೂ ಓದಲು ಬರುವುದಿಲ್ಲ. ಆಧಾರಿನಲ್ಲಿ ಶರಣಮ್ಮ, ಕಾರ್ಡಿನಲ್ಲಿ ಶರಣವ್ವ ಎಂದಿದ್ದರೆ ಅದೇ ಸುತ್ತಿನಲ್ಲಿ ಸರಿಮಾಡಿಸಿ. ಆಸ್ಪತ್ರೆಯ ಸಮಾಜಸೇವಾ ವಿಭಾಗದವರ ಹತ್ತಿರ ಎಷ್ಟು ಹೊತ್ತಿಗೆ ಹೋಗಬೇಕು, ಮೊದಲು ಏನು ಹೇಳಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಹೇಳಹತ್ತಿದರೆ ಆ ಬಾಗಿಲೂ ಮುಚ್ಚುತ್ತದೆ.

ಪಾಳಿ ಎಂದರೆ ರೋಗಿಯ ಹತ್ತಿರ ಕೂರುವವರ ಪಟ್ಟಿ. ಮನೆಯವರೇ ಕೂತರೆ ದಿನಕ್ಕೆ ಎಂಟುನೂರು ಕೂಲಿ ಹೋಯಿತು, ನಾಲ್ಕನೇ ದಿನ ರೋಗಿಯನ್ನು ಎಬ್ಬಿಸಿಕೊಂಡು ಮನೆಗೆ ಬರುತ್ತಾರೆ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಔಷಧದ ಖರ್ಚಿಗಿಂತ ಈ ಕೂಲಿಯ ನಷ್ಟಕ್ಕೇ ಹೆಚ್ಚು. ಪಾಳಿಯವರಿಗೆ ಡಬ್ಬಿಯಿಂದ ದಿನಕ್ಕೆ ₹300. ವಾರದ ಐವತ್ತು ಕೊಡಲಾಗದ ವಿಧವೆಯರು, ಗಂಡ ಬಿಟ್ಟವರು ಇಲ್ಲಿ ಸದಸ್ಯರಾಗುತ್ತಾರೆ. ಕಂತಿನ ಬದಲು ಪಾಳಿ. ಒಬ್ಬರಿಗಾದರೂ ಮರಾಠಿ ಬರಬೇಕು. ಹೆಂಗಸರ ವಾರ್ಡಿಗೆ ರಾತ್ರಿ ಹೆಂಗಸರನ್ನೇ ಬಿಡುತ್ತಾರೆ, ಆದ್ದರಿಂದ ಪಟ್ಟಿ ಎರಡು ಇರಲಿ. ದುಡಿದ ದಿನಗಳನ್ನು ಪುಸ್ತಕದಲ್ಲಿ ಬರೆಯದೆ ವಾಟ್ಸ್ಯಾಪಿನಲ್ಲಿ ದನಿ ಕಳಿಸಿ ದಾಖಲಿಸಿ. ಓದಲು ಬಾರದವರು ಬರಹದ ಲೆಕ್ಕವನ್ನು ನಂಬುವುದಿಲ್ಲ.

ರೇಷನ್ನೂ ಇದರ ಜೊತೆಗೇ ಬರುತ್ತದೆ. ಒಂದು ದೇಶ ಒಂದು ಕಾರ್ಡಿನಡಿ ಕರ್ನಾಟಕದ ಕಾರ್ಡಿಗೆ ಇಲ್ಲಿಯೂ ಧಾನ್ಯ ಸಿಗುತ್ತದೆ, ಇಲ್ಲಿ ಒಂದಿಷ್ಟು ಎತ್ತಿ ಉಳಿದದ್ದನ್ನು ಊರಿನ ಮುದುಕರು ಎತ್ತಬಹುದು. ಬಿಪಿಎಲ್ ಕಾರ್ಡಿಗೆ ಸಿಗುವುದು ಕೇಂದ್ರ ಸರ್ಕಾರ ಕೊಡುವ ತಲೆಗೆ 5 ಕಿಲೊ ಮಾತ್ರ. ಅನ್ನಭಾಗ್ಯದ ಹೆಚ್ಚುವರಿ ಇಲ್ಲಿ ಬರುವುದಿಲ್ಲ. ಸಿಮೆಂಟಿನಲ್ಲಿ ಸವೆದ ಬೆರಳು ಯಂತ್ರಕ್ಕೆ ಹತ್ತುವುದಿಲ್ಲ: ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಸಾಬೂನಿನಲ್ಲಿ ತೊಳೆದು ಒರೆಸಿ, ಹೆಬ್ಬೆರಳು ಬಿಟ್ಟು ಉಂಗುರ ಬೆರಳು ಇಟ್ಟು ನೋಡಿ. ಅಂಗಡಿಯವನು "ಕೋಟಾ ಇಲ್ಲ" ಎಂದರೆ ಅವನ ಎದುರಿಗೇ ರೇಷನ್ ಸಹಾಯವಾಣಿ 14445ಕ್ಕೆ ಫೋನ್ ಮಾಡಿ. ಬಹಳ ಸಲ ಗಂಟೆ ಬಾರಿಸುವುದರೊಳಗೇ ಕೋಟಾ ಬಂದುಬಿಡುತ್ತದೆ.

ಮಾರ್ಕೆಟ್ ಯಾರ್ಡಿನಿಂದ ಮಾಲ್ದಂಡಿ ಜೋಳ ಚೀಲಗಟ್ಟಲೆ ತಂದು ಹಂಚುವ ಪ್ರಯೋಗವೂ ನಡೆಯಿತು. ಕಿಲೊಗೆ ಆರೇಳು ರೂಪಾಯಿ ಉಳಿಯುತ್ತಿತ್ತು. ಆದರೆ ವಸ್ತಿಯ ಕಿರಾಣಿಯವನು ಉದ್ರಿ ಕೊಡುತ್ತಾನೆ, ನಾವು ಕೊಡುವುದಿಲ್ಲ. ಎರಡು ಚೀಲ ಇಲಿಗೆ ಹೋದವು, ಬಿಟ್ಟೆವು.

ಡಬ್ಬಿಗೆ ಗಂಡಾಂತರ ಜೂನ್. ಬಿತ್ತನೆಗೆ ಮೂರರಲ್ಲೊಂದು ಮನೆ ಊರಿಗೆ ಹೋಗುತ್ತದೆ, ಮಳೆಯಿಂದ ಇಲ್ಲಿಯ ಕೆಲಸವೂ ನಿಲ್ಲುತ್ತದೆ, ಜ್ವರ ಶುರುವಾಗುತ್ತದೆ. ಊರಿಗೆ ಹೊರಟವರು ಎಂಟು ವಾರದ ₹400 ಮುಂಗಡ ಕಟ್ಟಿ ಬಸ್ ಹತ್ತಬೇಕು. ಕೀಲಿಯವಳು ಹೊರಟರೆ ಕೀಲಿ ಎಲ್ಲರ ಎದುರು ಕೈ ಬದಲಾಗಬೇಕು. ಜೂನ್-ಜುಲೈನಲ್ಲಿ ಪ್ರಶ್ನೆ ಇಲ್ಲದೆ ಕೊಡುವ ಮೊತ್ತ ಎರಡು ಸಾವಿರಕ್ಕೆ ಇಳಿಯುತ್ತದೆ. ಪಾಳಿಯ ಮುನ್ನೂರನ್ನು ಮಾತ್ರ ಯಾವ ತಿಂಗಳೂ ಇಳಿಸುವುದಿಲ್ಲ.