ಉಳ್ಳಾಗಡ್ಡಿ ಬೇರಿನಾಗ ಸೆಂಟ್ರೊಮಿಯರ್ ಹುಡುಕೋದು ಹೆಂಗ

ಪ್ರತಿ ವರ್ಷ ಡಿಗ್ರಿ ಹುಡುಗ್ರಿಗೆ ಈ ಸ್ಲೈಡ್ ಮಾಡಸ್ತೀನಿ, ಪ್ರತಿ ವರ್ಷ ಅದೇ ಪ್ರಶ್ನೆ, ಸರ್ ಸೆಂಟ್ರೊಮಿಯರ್ ಎಲ್ಲದ್ರಿ ಅಂತ. ಸೆಂಟ್ರೊಮಿಯರ್ ಅಂದ್ರ ಸೆಲ್ ಒಡ್ದು ಎರಡಾಗೋವಾಗ ಕ್ರೋಮೋಸೋಮನ್ನ (ಡಿಎನ್‌ಎ ಸುತ್ತಿಟ್ಟ ಎಳಿ) ದಾರ ಹಿಡ್ದು ಎಳಿಯೋ ಜಾಗ. ಪುಸ್ತಕದಾಗ ಕ್ರೋಮೋಸೋಮಿನ ನಡು ಒಂದು ಗುಂಡು ಚುಕ್ಕಿ ಬಿಡಿಸಿರ್ತಾರ, ಇವರು ಮೈಕ್ರೋಸ್ಕೋಪಿನಾಗ ಆ ಚುಕ್ಕಿ ಹುಡುಕ್ಕೋತ ಕೂಡ್ತಾರ. ಚುಕ್ಕಿ ಇರಂಗಿಲ್ರಿ. ಇರೋದು ಒಂದು ಸಣ್ಣ ಸೊಂಟ, ಕ್ರೋಮೋಸೋಮ್ ಆ ಜಾಗದಾಗ ಜರಾ ಇಕ್ಕಟ್ಟಾಗಿರ್ತದ, ಅಷ್ಟೇ.

ಮೊದಲು ಬೇರು. ಕಲಬುರಗಿಯಾಗ ಈ ಕೆಲಸ ಏಪ್ರಿಲ್-ಮೇದಾಗ ಇಟ್ಕೋಬ್ಯಾಡ್ರಿ. ಆ ಬಿಸಲಿಗೆ ಗ್ಲಾಸಿನ ನೀರು ಮಧ್ಯಾಹ್ನಕ್ಕ ಚಾ ಆದಂಗ ಆಗಿರ್ತದ, ಉಳ್ಳಾಗಡ್ಡಿ ತಳ ಕೊಳೀತದ, ಬೇರು ಬಂದ್ರೂ ಡಿವಿಜನ್ ನಡೆಸೋ ಸೆಲ್ ಕಮ್ಮಿ. ಚಳಿಗಾಲ ಛಲೋ. ಬ್ಯಾಸಗ್ಯಾಗ ಮಾಡಲೇಬೇಕಂದ್ರ ಗ್ಲಾಸನ್ನ ನೀರಿನ ಮಣ್ಣಿನ ಕೊಡದ ಪಕ್ಕ ನೆಳ್ಳಿಗಿಡ್ರಿ, ಮುಂಜಾನಿ ಸಂಜಿ ನೀರು ಬದಲಿಸ್ರಿ. ಉಳ್ಳಾಗಡ್ಡಿ ತಳದಾಗಿನ ಒಣ ಬೇರು ಬ್ಲೇಡಿನಿಂದ ಹಗುರಕ ಕೆರೀರಿ, ತಳ ಮಾತ್ರ ನೀರಿಗೆ ತಾಗಂಗ ಕೂಡಿಸ್ರಿ, ಎರಡ್ಮೂರು ದಿನಕ್ಕ ಒಂದೂವರೆ ಸೆಂಟಿಮೀಟರ್ ಬೇರು ಬರ್ತಾವ. ಮುಂಜಾನಿ 8ರಿಂದ 10ರೊಳಗ ಕತ್ತರಿಸ್ರಿ.

ಈಗ ಒಂದು ಮಾತು, ಇದನ್ನ ಭಾಳ ಮಂದಿ ಹೇಳಂಗಿಲ್ಲ. ಬೇರನ್ನ ಎರಡು ಪಾಲು ಮಾಡ್ರಿ. ಒಂದು ಪಾಲು ನೇರ ಸೆಲ್ಲನ್ನ ಇದ್ದಂಗೇ ಹಿಡ್ದಿಡೋ ಫಿಕ್ಸೆಟಿವ್‌ಗೆ, ಇನ್ನೊಂದು ಪಾಲು ಐಸ್ ನೀರಿನ್ಯಾಗ 24 ತಾಸು, ಆಮ್ಯಾಲ ಫಿಕ್ಸೆಟಿವ್‌ಗೆ. ಯಾಕಂದ್ರ ಕ್ರೋಮೋಸೋಮ್ ಎಳಿಯೋ ಸ್ಪಿಂಡಲ್ ದಾರ ಥಂಡಿಗೆ ಬಿಚ್ಚಿ ಹೋಗ್ತಾವ, ಸೆಲ್ಲು, ಕ್ರೋಮೋಸೋಮ್ ಬ್ಯಾರೆ ಆಗೋ ಮುಂಚಿನ ಹಂತ ಅಂದ್ರ ಮೆಟಾಫೇಸ್‌ದಾಗೇ ನಿಂತ್ಬಿಡ್ತದ, ಕ್ರೋಮೋಸೋಮ್ ಗಿಡ್ಡಾಗಿ ಬಿಡಿಬಿಡಿಯಾಗಿ ಸೊಂಟ ಎದ್ದು ಕಾಣ್ತದ. ಇದೇ ಕೆಲಸಕ್ಕ ಕೋಲ್ಚಿಸಿನ್ ಅನ್ನೋ ರಾಸಾಯನಿಕ ಬಳಸ್ತಾರ, ಉಳ್ಳಾಗಡ್ಡಿ ಬೇರಿನ ಮ್ಯಾಲ ಅದರ ಪರಿಣಾಮ ಏನಂತ ಲೆವಾನ್ ಅನ್ನೋ ವಿಜ್ಞಾನಿ 1938ರಾಗೇ ಬರ್ದಿದ್ದ, ಆದ್ರ ಅದು ಖರೇ ವಿಷ, ಹುಡುಗ್ರ ಕೈಯಾಗ ನಾ ಕೊಡಂಗಿಲ್ಲ. ಐಸ್ ಸಾಕು. ಒಮ್ಮೆ ನಮ್ಮಲ್ಲಿ ರಾತ್ರಿಯೆಲ್ಲಾ ಕರೆಂಟ್ ಹೋಗಿ ಫ್ರಿಜ್ಜಿನಾಗಿನ ಐಸ್ ಪೂರಾ ನೀರಾಗಿತ್ತು, ಬ್ಯಾಚ್ ಹಾಳು, ಆವಾಗಿಂದ ಥರ್ಮಾಸ್‌ನ್ಯಾಗ ಇಡ್ತೀನಿ.

ಫಿಕ್ಸೆಟಿವ್ ಅಂದ್ರ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಸಿಡ್, ಅವತ್ತೇ ಕೂಡಸ್ರಿ, ಒಂದು ದಿನ ಬಿಡ್ರಿ. ಆಮ್ಯಾಲ 70% ಆಲ್ಕೋಹಾಲಿನಾಗ ಹಾಕಿ ಫ್ರಿಜ್ಜಿನಾಗಿಟ್ರ ಭಾಳ ದಿನ ತಡೀತದ. ಸ್ಲೈಡ್ ಮಾಡೋ ದಿನ ಬೇರು ತೊಳ್ದು ಒಂದು ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನ್ಯಾಗ 60 ಡಿಗ್ರಿಗೆ 8-10 ನಿಮಿಷ, ಬೇರು ಮೆತ್ತಗಾಗ್ತದ. ಹೊಳ್ಳಿ ತೊಳೀರಿ. ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಇಟ್ಕೊಂಡು ಉಳಿದದ್ದು ಒಗೀರಿ, ಆಸೆ ಬ್ಯಾಡ, ಮ್ಯಾಲಿನ ಭಾಗದಾಗ ಡಿವಿಜನ್ ಇರಂಗಿಲ್ಲ. ಅಸಿಟೋಕಾರ್ಮಿನ್ ಬಣ್ಣ ಎರಡು ಹನಿ, ಸ್ಪಿರಿಟ್ ಲ್ಯಾಂಪಿನ ಮ್ಯಾಲ ಹಗುರಕ ಬಿಸಿ ಮಾಡ್ರಿ, ಕುದೀಬಾರದು, ಆಲ್ಕೋಹಾಲ್ ಬಾಟ್ಲಿ ದೂರ ಇರ್ಲಿ. ಕವರ್‌ಸ್ಲಿಪ್ ಹಾಕಿ ಪೆನ್ಸಿಲ್ ಹಿಂದಿನ ತುದಿಯಿಂದ ಟಕ್ ಟಕ್ ಬಡೀರಿ, ಫಿಲ್ಟರ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಒತ್ರಿ. ಕವರ್‌ಸ್ಲಿಪ್ ಅತ್ತಿತ್ತ ಜರುಗಿತೋ, ಸೆಲ್ಲೆಲ್ಲಾ ಹೊಸಕಿ ಹೋಗ್ತಾವ.

ನೋಡೋದು 10ರ ಲೆನ್ಸಿನಿಂದ ಶುರು, ಆಮ್ಯಾಲ 40, ಆಮ್ಯಾಲ ಎಣ್ಣಿ ಹಾಕಿ 100. ಐಸ್ ಪಾಲಿನ ಸ್ಲೈಡಿನಾಗ ಛಲೋ ಹರಡಿದ ಒಂದು ಸೆಲ್ ಸಿಕ್ರ 16 ಕ್ರೋಮೋಸೋಮ್ ಎಣಿಸಬಹುದು. ಒಂದು ಜೋಡಿಗೆ ಸೊಂಟ ಬಿಟ್ಟು ಇನ್ನೊಂದು ಕಡಿನೂ ಇಕ್ಕಟ್ಟದ, ತುದಿಗೊಂದು ಸಣ್ಣ ಗಂಟು ಇರ್ತದ, ಅದನ್ನ ನೋಡಿ ಮೋಸ ಹೋಗಬ್ಯಾಡ್ರಿ, ಅದು ಸೆಂಟ್ರೊಮಿಯರ್ ಅಲ್ಲ. ಐಸ್ ಇಲ್ಲದ ಪಾಲಿನಾಗ ಅನಾಫೇಸ್, ಅಂದ್ರ ಕ್ರೋಮೋಸೋಮ್ ಎರಡು ಕಡಿಗೆ ಎಳ್ಕೊಂಡು ಹೋಗೋ ಹಂತ, ಹುಡುಕ್ರಿ. ಅಲ್ಲಿ ಕ್ರೋಮೋಸೋಮ್ ಬಾಗಿ ಬಾಣದ ತುದಿ ಹಂಗ ಹೊಂಟಿರ್ತಾವ, ಆ ಬಾಗಿದ ಮೂಲಿನೇ ಸೆಂಟ್ರೊಮಿಯರ್. ದಾರ ಹಿಡ್ದು ಎಳಿಯೋದು ಅಲ್ಲೇ, ಕೈಕಾಲು ಹಿಂದ ಜೋತು ಬರ್ತಾವ.

ಆ ಸೊಂಟದಾಗ ಏನದ ಅನ್ನೋದು ಅಸಿಟೋಕಾರ್ಮಿನ್‌ಗೆ ಕಾಣಂಗಿಲ್ಲ. ಡಿಎನ್‌ಎ ಸುತ್ತೋದು ಹಿಸ್ಟೋನ್ ಪ್ರೋಟೀನಿಗೆ, ಅದರಾಗ ಎಚ್3 ಅಂತ ಒಂದದ. ಸೆಂಟ್ರೊಮಿಯರ್ ಜಾಗದಾಗ ನಡುನಡುವೆ ಎಚ್3 ಬದಲಿಗೆ ಅದರ ತಮ್ಮನಂಥದ್ದೊಂದು ಕುಂತಿರ್ತದ, ನಮ್ಮೊಳಗ ಅದರ ಹೆಸರು ಸೆನ್ಪ್-ಎ, ಗಿಡದಾಗ ಸೆನ್‌ಎಚ್3. ಚರ್ಮ ಗಟ್ಟಿಯಾಗೋ ಸ್ಕ್ಲೆರೋಡರ್ಮಾ ಬ್ಯಾನಿ ಇರೋ ಕೆಲವರ ರಕ್ತದಾಗಿನ ಆಂಟಿಬಾಡಿ ಸೀದಾ ಸೆಂಟ್ರೊಮಿಯರಿಗೇ ಹೋಗಿ ಅಂಟ್ತಾವ, ಅದನ್ನೇ ಹಿಡ್ಕೊಂಡು ಅರ್ನ್‌ಶಾ ಮತ್ತ ರಾತ್‌ಫೀಲ್ಡ್ 1985ರಾಗ ಈ ಪ್ರೋಟೀನ್ ಗುರುತಿಸಿದ್ರು.

ಡಿಎನ್‌ಎದಾಗೇ ವಿಳಾಸ ಬರ್ದಿರ್ತದೇನು? ಬೇಕರಿ ಯೀಸ್ಟಿನಾಗ ಹೌದು, ಬರೇ 125 ಅಕ್ಷರ ಸಾಕು. ನಮ್ಮೊಳಗ 171 ಅಕ್ಷರದ ತುಂಡು ಸಾವಿರಾರು ಸಲ ಸಾಲಾಗಿ ಬರ್ತದ ಖರೇ, ಆದ್ರ ಆ ತುಂಡೇ ಇಲ್ಲದ ಜಾಗದಾಗ ಹೊಸ ಸೆಂಟ್ರೊಮಿಯರ್ ಹುಟ್ಟಿದ ಮಂದೀನೂ ಸಿಕ್ಕಾರ. ಹಂಗಾದ್ರ ಜಾಗ ನೆನಪಿಡೋದು ಯಾರು? ನಾ ಹುಡುಗ್ರಿಗೆ ಮೊಸರಿನ ಲೆಕ್ಕ ಹೇಳ್ತೀನಿ. ನಿನ್ನಿ ಮೊಸರು ಒಂದು ಚಮಚ ಉಳಿಸಿದ್ರ ಇವತ್ತಿನ ಹಾಲು ಹೆಪ್ಪಾಗ್ತದ. ಡಿಎನ್‌ಎ ಎರಡಾಗೋವಾಗ ಹಳೇ ಸೆನ್ಪ್-ಎ ಎರಡೂ ಪ್ರತಿಗೆ ಅರ್ಧರ್ಧ ಹಂಚಿಕೆ ಆಗ್ತದ, ಆವಾಗ ಹೊಸದು ಹಾಕಂಗಿಲ್ಲ. ಸೆಲ್ ಒಡ್ದು ಎರಡಾದ ಮ್ಯಾಲ, ಜಿ1 ಹಂತದಾಗ, ಮಿಸ್18 ಅನ್ನೋ ತಂಡ ಹಳೇದು ಇದ್ದ ಜಾಗಕ್ಕ ಬಂದು ಕುಂಡ್ರತದ, ಎಚ್‌ಜರ್ಪ್ ಅನ್ನೋ ಪ್ರೋಟೀನ್ ಹೊಸ ಸೆನ್ಪ್-ಎ ತಂದು ಅಲ್ಲೇ ತುಂಬ್ತದ. ಬ್ಯಾರೆ ಹೊತ್ತಿನಾಗ ಸೆಲ್ಲಿನ ಸುತ್ತು ನಡೆಸೋ ಸಿಡಿಕೆ ಎನ್ಜೈಮ್ ಬಾಗಲ ಹಾಕಿಟ್ಟಿರ್ತದ, ಅದಕ್ಕ ಒಂದು ಸುತ್ತಿನಾಗ ಒಂದೇ ಸಲ ತುಂಬೋದು. ಅರಬಿಡಾಪ್ಸಿಸ್ ಅನ್ನೋ ಲ್ಯಾಬಿನ ಸಣ್ಣ ಗಿಡದಾಗ ಈ ತುಂಬೋ ಕೆಲಸ ಒಡೆಯೋಕಿಂತ ಮೊದಲೇ, ಜಿ2ದಾಗ ನಡೀತದ.

ಹೆಪ್ಪು ಕೆಟ್ರ ಏನಾಗ್ತದ ಅಂತ 2010ರಾಗ ರವಿ ಮರುತಾಚಲಂ ಮತ್ತ ಸೈಮನ್ ಚಾನ್ ಅದೇ ಅರಬಿಡಾಪ್ಸಿಸ್‌ದಾಗ ತೋರಿಸಿದ್ರು. ಸೆನ್‌ಎಚ್3 ಬದಲಿಸಿದ ಗಿಡಕ್ಕ ಸಾದಾ ಗಿಡದ ಜೋಡಿ ಕ್ರಾಸ್ ಮಾಡಿದ್ರ ಕೆಲವು ಸಸಿಯಾಗ ಬದಲಿಸಿದ ಕಡೀ ಕ್ರೋಮೋಸೋಮ್ ಎಲ್ಲಾ ಉದುರಿ ಹೋಗಿ ಅರ್ಧ ಸೆಟ್ಟಿನ ಗಿಡ ಬಂತು. ತಳಿ ಮಾಡೋರಿಗೆ ಇದು ಭಾಳ ಕೆಲಸಕ್ಕ ಬರೋ ಕೈಚಳಕ.

ಈ ಸೆನ್ಪ್-ಎ ಹಾಸಿದ ಜಾಗದ ಮ್ಯಾಲೇ ಕೈನೆಟೊಕೋರ್ ಅನ್ನೋ ಪ್ರೋಟೀನ್ ಹಿಡಿಕಿ ಕಟ್ಟತದ, ಅದರಾಗಿನ ಎನ್‌ಡಿಸಿ80 ದಾರ ಹಿಡೀತದ. ಅಕ್ಕತಂಗಿ ಕ್ರೋಮ್ಯಾಟಿಡ್ (ಒಂದೇ ಕ್ರೋಮೋಸೋಮಿನ ಎರಡು ಪ್ರತಿ) ಎರಡನ್ನೂ ಒಂದೇ ಕಡಿಂದ ಹಿಡ್ದಿದ್ರ ಜಗ್ಗಾಟ ಇರಂಗಿಲ್ಲ, ಅರೋರಾ-ಬಿ ಅನ್ನೋ ಎನ್ಜೈಮ್ ಆ ಹಿಡಿತ ಬಿಡಿಸ್ತದ, ಮತ್ತೊಮ್ಮೆ ಹಿಡೀಲಿ ಅಂತ. ಎಲ್ಲಾ ಬರಾಬರ್ ಆಗೋತನ ಸೆಲ್ ಕಾಯ್ತದ, ಆಮ್ಯಾಲೇ ಸೆಪರೇಸ್ ಅನ್ನೋ ಕತ್ತರಿ ಅವೆರಡನ್ನೂ ಕೂಡಿಸಿದ ಅಂಟು ಕಡೀತದ. ನಿಮ್ಮ ಸ್ಲೈಡಿನಾಗ ನಡು ಸಾಲಾಗಿ ನಿಂತಾವಲ್ಲ, ಅವು ಈ ಕಾಯೋ ಹೊತ್ತಿನ್ಯಾಗ ಸಿಕ್ಕಿಬಿದ್ದಾವ. ಒಂದು ತುಂಡು ಹಿಂದ ಬಿದ್ದಿದ್ರ ಅದಕ್ಕ ಸೊಂಟ ಅದೋ ಇಲ್ಲೋ ನೋಡ್ರಿ, ಇಲ್ಲಂದ್ರ ಮುರ್ದ ತುಂಡು, ಅದನ್ನ ಎಳಿಯೋರು ಯಾರೂ ಇಲ್ಲ.

ರೆಕಾರ್ಡ್ ಬುಕ್ಕಿನಾಗ ಚುಕ್ಕಿ ಬಿಡಿಸಬ್ಯಾಡ್ರಿ, ಕಂಡಿದ್ದೇ ಬಿಡಿಸ್ರಿ. ಮತ್ತ ಪ್ರತಿ ಬ್ಯಾಚಿನಾಗೂ ಒಬ್ಬ ಕೇಳೇ ಕೇಳ್ತಾನ, ಸರ್ ನಮ್ಮ ತೊಗರಿ ಬೇರಿನಾಗ ಮಾಡೋಣೇನ್ರಿ ಅಂತ. ಮಾಡ್ರಿ, 22 ಕ್ರೋಮೋಸೋಮ್ ಅವ, ಆದ್ರ ಉಳ್ಳಾಗಡ್ಡಿಯ ಮುಂದ ಅವು ನುಚ್ಚಿನಂಗ ಸಣ್ಣವು, ಮೊದಲು ಉಳ್ಳಾಗಡ್ಡಿಯಾಗ 16 ಎಣಿಸಿ ತೋರಿಸ್ರಿ, ಆಮ್ಯಾಲ ತೊಗರಿ ನೆನಿ ಹಾಕೋಣಂತ.