ಬೈಕಿನ ಫ್ರೇಮ್‌ನಲ್ಲಿ ಬಿರುಕು ಕಂಡಿತೇ? ವೆಲ್ಡಿಂಗ್‌ಗೆ ಓಡಬೇಡಿ

ಬೈಕ್ ತೊಳೆದು ಒರೆಸುತ್ತಿದ್ದೆ. ಟ್ಯಾಂಕಿನ ಕೆಳಗೆ, ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಬಟ್ಟೆಯಿಂದ ತಿಕ್ಕಿದೆ, ಹೋಗಲಿಲ್ಲ. ಉಗುರು ಆಡಿಸಿದೆ, ಸಿಕ್ಕಿಕೊಂಡಿತು. ಗೆರೆಯ ಅಂಚಿನಲ್ಲಿ ತುಸು ತುಕ್ಕಿನ ಬಣ್ಣ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ‘ಒಂದು ವೆಲ್ಡಿಂಗ್ ಹೊಡೆಸಿಬಿಡಿ, ಹತ್ತು ನಿಮಿಷದ ಕೆಲಸ.’ ನಾನು ಹೊಡೆಸಲಿಲ್ಲ. ಕೊನೆಗೆ ವಾರಂಟಿಯಲ್ಲೇ ಹೊಸ ಫ್ರೇಮ್ ಸಿಕ್ಕಿತು.

ಬಿರುಕು ಒಂದು ಸಾಕ್ಷಿ. ಅದು ಎಲ್ಲಿ ಶುರುವಾಯಿತು, ಎಷ್ಟು ಹಳೆಯದು, ತಪ್ಪು ತಯಾರಿಕೆಯದೋ ಬಳಕೆಯದೋ ಎಂಬುದಕ್ಕೆಲ್ಲ ಗುರುತು ಅದರಲ್ಲೇ ಇರುತ್ತದೆ. ಗ್ರೈಂಡರ್ ಹಿಡಿದರೆ, ವೆಲ್ಡಿಂಗ್ ಹಾಕಿದರೆ, ಮೇಲೆ ಬಣ್ಣ ಬಳಿದರೆ ಆ ಗುರುತೆಲ್ಲ ಅಳಿಸಿಹೋಗುತ್ತದೆ. ‘ಹೊರಗೆ ಕೆಲಸ ಮಾಡಿಸಿದ್ದೀರಿ’ ಎಂದು ಕಂಪನಿಯವರು ಕೈತೊಳೆದುಕೊಳ್ಳುವುದಕ್ಕೂ ಅಷ್ಟೇ ಸಾಕು.

ಮೊದಲು ಓಡಿಸುವುದನ್ನು ನಿಲ್ಲಿಸಿ

‘ಸಣ್ಣ ಬಿರುಕು ತಾನೇ, ನಿಧಾನವಾಗಿ ಹೋದರಾಯಿತು’ ಅಂದುಕೊಳ್ಳಬೇಡಿ. ಒಂದೇ ಪೆಟ್ಟಿಗೆ ಮುರಿಯದ ಲೋಹ ಸಾವಿರಾರು ಸಣ್ಣ ಪೆಟ್ಟುಗಳಿಗೆ ದಣಿದು ಮುರಿಯುತ್ತದೆ. 1842ರಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಬರುತ್ತಿದ್ದ ರೈಲಿನ ಎಂಜಿನ್‌ನಲ್ಲಿ ಚಕ್ರದ ಅಚ್ಚು ಮುರಿದು ಭಾರೀ ದುರಂತವಾಯಿತು. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ತಾಳಿಕೊಳ್ಳಬಲ್ಲ ಭಾರವೇ ಮತ್ತೆ ಮತ್ತೆ ಬಿದ್ದರೂ ಲೋಹ ಸೋಲುತ್ತದೆ ಎಂದು ತೋರಿಸಿಕೊಟ್ಟರು. ಬೈಕಿನ ಫ್ರೇಮ್‌ನಲ್ಲಿ ಆಗುವುದೂ ಅದೇ. ಬಿರುಕು ತಿಂಗಳುಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ. ಉಳಿದ ಲೋಹಕ್ಕೆ ಭಾರ ಹೊರಲು ಆಗದ ಹೊತ್ತಿಗೆ ಒಮ್ಮೆಲೇ ಹರಿಯುತ್ತದೆ. ಆ ಹೊತ್ತು ಯಾವುದೆಂದು ಹೊರಗಿನಿಂದ ಹೇಳಲು ಬರುವುದಿಲ್ಲ. ಬಿರುಕು ಹ್ಯಾಂಡಲ್ ಕಡೆ ಇದ್ದರಂತೂ ಸರ್ವಿಸ್ ಸೆಂಟರ್‌ಗೂ ಓಡಿಸಿಕೊಂಡು ಹೋಗಬೇಡಿ. ಬೇರೆ ಗಾಡಿಗೆ ಹಾಕಿ ಸಾಗಿಸಿ.

ಎಲ್ಲಿ ನೋಡಬೇಕು?

ಒಳ್ಳೆಯ ಟಾರ್ಚ್, ಸಣ್ಣ ಕನ್ನಡಿ, ಹಳೆ ಟೂತ್‌ಬ್ರಶ್ ಇಟ್ಟುಕೊಳ್ಳಿ. ಸೀಟು, ಪಕ್ಕದ ಪ್ಯಾನಲ್‌ಗಳನ್ನು ಬಿಚ್ಚಿ. ಟ್ಯಾಂಕ್ ಬಿಚ್ಚಲು ಬರುತ್ತದೆ ಎಂದಾದರೆ ಅದನ್ನೂ ಇಳಿಸಿ. ಎಣ್ಣೆ ಜಿಡ್ಡನ್ನು ಸೋಪುನೀರಿನಿಂದ ತೊಳೆದು ಒಣಗಲು ಬಿಡಿ. ಸ್ಯಾಂಡ್‌ಪೇಪರ್, ವೈರ್ ಬ್ರಶ್ ಮುಟ್ಟಬೇಡಿ.

ಬಿರುಕು ಎಲ್ಲೆಂದರಲ್ಲಿ ಬರುವುದಿಲ್ಲ. ಭಾರ ಒಂದೆಡೆ ಸೇರುವ ಜಾಗದಲ್ಲಿ ಬರುತ್ತದೆ. ಮೊದಲು ಹ್ಯಾಂಡಲ್ ತಿರುಗುವ ಹೆಡ್ ಟ್ಯೂಬ್ ನೋಡಿ. ಮುಂದಿನ ಚಕ್ರದ ಪೆಟ್ಟು, ಬ್ರೇಕಿನ ಒತ್ತಡ ಎಲ್ಲ ಅಲ್ಲಿಗೇ ಬರುತ್ತದೆ. ಆಮೇಲೆ ಎಂಜಿನ್ ಬೋಲ್ಟ್ ಕೂರುವ ಕಿವಿಗಳು, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಕೂಡುವ ಜಾಗ, ಹಿಂದಿನ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ. ಲಗೇಜ್ ಪೆಟ್ಟಿಗೆ ಹಾಕಿಸಿದ್ದರೆ ಸೀಟಿನ ಕೆಳಗಿನ ಸಬ್‌ಫ್ರೇಮ್. ಸೈಡ್ ಸ್ಟ್ಯಾಂಡ್ ಬೆಸೆದ ಜಾಗವನ್ನು ಜನ ಮರೆತೇಬಿಡುತ್ತಾರೆ. ಸೈಡ್ ಸ್ಟ್ಯಾಂಡ್ ಮೇಲೆ ನಿಂತ ಬೈಕಿನ ಮೇಲೆ ಕೂರುವ ಅಭ್ಯಾಸವಿದ್ದರೆ ಅಲ್ಲಿ ನೋಡಲೇಬೇಕು. ಎಲ್ಲ ಕಡೆಯೂ ಬೆಸುಗೆಯ ಮೇಲಿಗಿಂತ ಅದರ ಅಂಚಿನ ಮೇಲೆ ಹೆಚ್ಚು ಕಣ್ಣಿಡಿ. ಬೆಸುಗೆ ಮುಗಿದು ಪೈಪ್ ಶುರುವಾಗುವ ಗೆರೆಯೇ ಬಿರುಕಿಗೆ ಇಷ್ಟದ ಜಾಗ.

ಓಡಿಸುವಾಗಲೂ ಸುಳಿವು ಸಿಕ್ಕಿರುತ್ತದೆ. ಗುಂಡಿಯಲ್ಲಿ ಇಳಿದಾಗ ಹೊಸದೊಂದು ಕಟಕಟ ಸದ್ದು. ಬ್ರೇಕ್ ಹಿಡಿದಾಗ ಮುಂಭಾಗ ಬಳುಕಿದಂತೆ ಅನಿಸುವುದು. ನೇರ ರಸ್ತೆಯಲ್ಲೂ ಒಂದು ಕಡೆ ಎಳೆಯುವುದು. ಇವೆಲ್ಲ ಬೇರೆ ಕಾರಣಕ್ಕೂ ಬರಬಹುದು, ನಿಜ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಹೆಡ್ ಹತ್ತಿರ ಟಕ್ ಎಂದರೆ, ಹೆಚ್ಚಾಗಿ ಅದು ಸಡಿಲವಾದ ಬೇರಿಂಗ್. ಆದರೂ ಒಮ್ಮೆ ಟಾರ್ಚ್ ಹಾಕಿ ನೋಡಿಬಿಡುವುದು ಒಳ್ಳೆಯದು.

ಬಣ್ಣದ ಗೆರೆಯೋ, ಬಿರುಕೋ?

ಇಲ್ಲಿ ಅವಸರ ಬೇಡ. ಬರೀ ಬಣ್ಣ ಒಡೆದಿದ್ದರೆ ಗೆರೆಗಳು ಸಾಮಾನ್ಯವಾಗಿ ಹಲವು ಇರುತ್ತವೆ, ಜೇಡರ ಬಲೆಯ ಹಾಗೆ ಹರಡಿರುತ್ತವೆ. ನಿಜವಾದ ಬಿರುಕು ಹೆಚ್ಚಾಗಿ ಒಂಟಿ ಗೆರೆ. ಬೆಸುಗೆಯ ಅಂಚನ್ನೋ ಬೋಲ್ಟ್ ತೂತನ್ನೋ ಹಿಡಿದು ಹೋಗುತ್ತದೆ. ಸ್ಟೀಲ್ ಫ್ರೇಮ್ ಆದರೆ ಕಂದು ತುಕ್ಕು ಜಿನುಗಿರುತ್ತದೆ. ಒರೆಸಿದರೂ ಕೆಲವು ದಿನಕ್ಕೆ ಅದೇ ಗೆರೆಯಲ್ಲಿ ಮತ್ತೆ ಬರುತ್ತದೆ. ಅಲ್ಯೂಮಿನಿಯಂಗೆ ಕಂದು ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ತುಕ್ಕು ಇಲ್ಲ ಎಂದು ನೆಮ್ಮದಿ ಪಡಬೇಡಿ. ಅಲ್ಲಿ ಎರಡು ಅಂಚು ಉಜ್ಜಿಕೊಂಡು ಬಂದ ಬೂದು ಅಥವಾ ಕಪ್ಪು ಪುಡಿ ಕಾಣಬಹುದು.

ಇನ್ನೊಂದು ಸುಲಭ ಪರೀಕ್ಷೆಗೆ ಇಬ್ಬರು ಬೇಕು. ಬೈಕ್ ಗಟ್ಟಿಯಾಗಿ ನಿಂತಿರಲಿ, ಎಂಜಿನ್ ಆಫ್ ಆಗಿರಲಿ. ಒಬ್ಬರು ಸೀಟನ್ನು ಮೆಲ್ಲಗೆ ಒತ್ತಿ ಬಿಡಲಿ. ಇನ್ನೊಬ್ಬರು ಗೆರೆಯ ಮೇಲೆ ಟಾರ್ಚ್ ಓರೆಯಾಗಿ ಹಿಡಿದು ನೋಡಲಿ. ಗೆರೆ ಬಾಯಿ ತೆರೆದು ಮುಚ್ಚಿದರೆ ಅನುಮಾನವೇ ಬೇಡ. ಅದನ್ನು ವಿಡಿಯೊ ಮಾಡಿಕೊಳ್ಳಿ. ನನ್ನ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಈ ಸಣ್ಣ ವಿಡಿಯೊ.

ಪಕ್ಕಾ ಗೊತ್ತಾಗಬೇಕೆಂದರೆ ಡೈ ಪರೀಕ್ಷೆ ಇದೆ. ಕೆಂಪು ಬಣ್ಣದ ತೆಳು ದ್ರವ ಹಾಕಿ ಹತ್ತು ನಿಮಿಷದಷ್ಟು ಬಿಡುತ್ತಾರೆ. ಮೇಲಿನದನ್ನು ಒರೆಸಿ ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿನೊಳಗೆ ಇಳಿದ ಬಣ್ಣವನ್ನು ಪುಡಿ ಹೊರಗೆಳೆಯುತ್ತದೆ, ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಸ್ಟೀಲ್‌ಗೂ ಅಲ್ಯೂಮಿನಿಯಂಗೂ ಇದು ನಡೆಯುತ್ತದೆ. ಅಯಸ್ಕಾಂತದ ಪುಡಿ ಬಳಸುವ ಪರೀಕ್ಷೆ ಮಾತ್ರ ಸ್ಟೀಲ್‌ಗೇ ಸರಿ. ಡೈ ಪರೀಕ್ಷೆಗೆ ಫ್ರೇಮಿನ ಬಣ್ಣ ತೆಗೆಯಬೇಕು ಎಂಬುದನ್ನು ಮರೆಯಬೇಡಿ. ಆದ್ದರಿಂದ ವಾರಂಟಿ ಇದ್ದರೆ ಮನೆಯಲ್ಲಿ ಮಾಡಬೇಡಿ. ಸರ್ವಿಸ್ ಸೆಂಟರ್‌ನವರೇ ನಿಮ್ಮ ಎದುರು ಮಾಡಲಿ ಎಂದು ಕೇಳಿ.

ಕಾರಣ ಏನಿರಬಹುದು?

ಕಂಪನಿಯವರು ಮೊದಲು ಹುಡುಕುವುದು ಬಿದ್ದ ಗುರುತನ್ನು. ಅವರಿಗಿಂತ ಮುಂಚೆ ನೀವೇ ನೋಡಿಕೊಳ್ಳಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ತಾಗುವ ಸ್ಟಾಪರ್ ನಜ್ಜಿದೆಯೇ? ಪೈಪ್ ಬಾಗಿದೆಯೇ, ಬಣ್ಣ ಸುಕ್ಕುಗಟ್ಟಿದೆಯೇ? ಇವು ಗುದ್ದಿದ ಗುರುತು. ಇವು ಯಾವುದೂ ಇಲ್ಲದೆ ಬೆಸುಗೆಯ ಅಂಚಿನಲ್ಲಿ ಮಾತ್ರ ಬಿರುಕಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ಬಿರುಕು ಪೂರ್ತಿ ಬಿಟ್ಟುಕೊಂಡಿದ್ದರೆ ಒಳಮೈ ನೋಡಿ. ಕೆರೆಯ ನೀರು ಇಳಿಯುತ್ತಾ ಹೋದಂತೆ ದಂಡೆಯ ಮೇಲೆ ಸಾಲು ಸಾಲು ಗೆರೆ ಉಳಿಯುತ್ತದೆ, ಅಲ್ವಾ? ಲೋಹ ದಣಿದು ಸೀಳಿದ ಕಡೆ ಹಲವು ಸಲ ಅಂಥದೇ ಗೆರೆಗಳಿರುತ್ತವೆ. ಹಳೆಯ ಭಾಗ ಮಂಕಾಗಿ ತುಕ್ಕು ಹಿಡಿದಿರುತ್ತದೆ, ಕೊನೆಗೆ ಹರಿದ ಭಾಗ ಹೊಳೆಯುತ್ತಾ ಒರಟಾಗಿರುತ್ತದೆ. ಮುಟ್ಟಬೇಡಿ, ಎಣ್ಣೆ ಹಚ್ಚಬೇಡಿ, ಎರಡು ತುಂಡು ಜೋಡಿಸಿ ನೋಡಲೂ ಬೇಡಿ. ಫೋಟೊ ತೆಗೆದರೆ ಸಾಕು.

ಎಂಜಿನ್ ಬೋಲ್ಟ್ ಸಡಿಲವಿದೆಯೇ ಎಂದು ನೋಡಲು ಹೇಳಿ. ಹಲವು ಬೈಕುಗಳಲ್ಲಿ ಎಂಜಿನ್ನೇ ಫ್ರೇಮಿಗೆ ಒಂದು ಆಸರೆ. ಬೋಲ್ಟ್ ಸಡಿಲವಾದರೆ ಆ ಆಸರೆ ತಪ್ಪಿ ಭಾರವೆಲ್ಲ ಪೈಪಿನ ಮೇಲೆ ಬೀಳುತ್ತದೆ. ಕಾರಣ ಇದೇ ಆಗಿದ್ದು ಅದನ್ನು ಸರಿಮಾಡದಿದ್ದರೆ ಹೊಸ ಫ್ರೇಮ್ ಕೂಡ ಅದೇ ಜಾಗದಲ್ಲಿ ಸೀಳುತ್ತದೆ.

ವಾರಂಟಿ ಕೇಳುವ ಮುನ್ನ

ಫೋಟೊ ಮೂರು ಥರ ಇರಲಿ. ಇಡೀ ಬೈಕ್ ಕಾಣುವಂಥದ್ದು, ಬಿರುಕು ಯಾವ ಭಾಗದಲ್ಲಿದೆ ಎಂದು ತಿಳಿಯುವಂಥದ್ದು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೀರಾ ಹತ್ತಿರದಿಂದ ತೆಗೆದದ್ದು. ಓಡೋಮೀಟರ್ ಮತ್ತು ಚಾಸಿ ನಂಬರಿನ ಫೋಟೊ ಕೂಡ ಬೇಕು. ಚಾಸಿ ನಂಬರ್ ಸಾಮಾನ್ಯವಾಗಿ ಹೆಡ್ ಟ್ಯೂಬಿನ ಮೇಲೆ ಕೊರೆದಿರುತ್ತದೆ, ಈಗಿನ ಬೈಕುಗಳಲ್ಲಿ 17 ಅಕ್ಷರ-ಅಂಕೆಗಳು. ಅದರಲ್ಲಿ ‘ಐ’, ‘ಓ’, ‘ಕ್ಯೂ’ ಅಕ್ಷರ ಬಳಸುವುದಿಲ್ಲ. ಗುಂಡಗೆ ಕಂಡರೆ ಅದು ಸೊನ್ನೆ.

ಆ ನಂಬರ್ ಕೊಟ್ಟು ನಿಮ್ಮ ಬೈಕಿಗೆ ರೀಕಾಲ್ (ದೋಷ ಕಂಡ ಬೈಕುಗಳನ್ನು ಕಂಪನಿಯೇ ವಾಪಸ್ ಕರೆದು ಸರಿಮಾಡಿಕೊಡುವುದು) ಇದೆಯೇ ಎಂದು ಮೊದಲು ವಿಚಾರಿಸಿ. ರೀಕಾಲ್ ಇದ್ದರೆ ದಾರಿ ಬೇಗ ತೆರೆದುಕೊಳ್ಳುತ್ತದೆ. ಇಲ್ಲವಾದರೆ ವಾರಂಟಿ ಪುಸ್ತಕ ತೆಗೆದು ಕೂತು ಓದಿ. ವರ್ಷ, ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ ಎಂದು ಬಹಳ ಕಡೆ ಇರುತ್ತದೆ. ಫ್ರೇಮಿಗೆ ಬೇರೆ ಅವಧಿ ಇದೆಯೇ ಎಂದೂ ನೋಡಿ. ಎಲ್ಲ ಸರ್ವಿಸ್ ಬಿಲ್ ಒಟ್ಟಿಗೆ ಇಟ್ಟುಕೊಳ್ಳಿ.

ಸರ್ವಿಸ್ ಸೆಂಟರ್‌ನಲ್ಲಿ

ಜಾಬ್ ಕಾರ್ಡ್‌ನಲ್ಲಿ ಏನು ಬರೆಯುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ‘ಸೌಂಡ್ ಕಂಪ್ಲೇಂಟ್’ ಎಂದು ಬರೆದರೆ ಒಪ್ಪಬೇಡಿ. ‘ಹೆಡ್ ಟ್ಯೂಬಿನ ಎಡಗಡೆ ಬೆಸುಗೆಯ ಅಂಚಿನಲ್ಲಿ ಬಿರುಕು’ ಎಂದು ಜಾಗದ ಸಮೇತ ಬರೆಸಿ. ಪ್ರತಿ ತೆಗೆದುಕೊಳ್ಳದೆ ಹೊರಡಬೇಡಿ. ನನಗೆ ಅಲ್ಲಿ ಮೊದಲು ಬಂದ ಉತ್ತರ, ‘ಇದು ಪೇಂಟ್ ಅಷ್ಟೇ ಸರ್.’ ಜಗಳಕ್ಕೆ ನಿಲ್ಲಲಿಲ್ಲ. ‘ಹಾಗಾದರೆ ಪರೀಕ್ಷೆ ಮಾಡಿದ್ದೇವೆ, ಬಿರುಕಿಲ್ಲ, ಓಡಿಸಬಹುದು ಎಂದು ಬರೆದುಕೊಡಿ’ ಎಂದೆ. ಆಮೇಲೆ ಕಂಪನಿಯ ಎಂಜಿನಿಯರ್‌ಗೆ ಫೋಟೊ ಹೋಯಿತು.

ನೀವು ಸುಳ್ಳು ಮಾತ್ರ ಹೇಳಬೇಡಿ. ಲಗೇಜ್ ಪೆಟ್ಟಿಗೆ ಹಾಕಿಸಿದ್ದರೆ, ಒಮ್ಮೆ ಬಿದ್ದಿದ್ದರೆ ಹೇಳಿಬಿಡಿ. ಹಿಂದಿನ ಲಗೇಜ್ ಪೆಟ್ಟಿಗೆಗೂ ಹೆಡ್ ಟ್ಯೂಬಿನ ಬಿರುಕಿಗೂ ಸಂಬಂಧ ಏನು ಎಂದು ಕೇಳುವ ಹಕ್ಕು ನಿಮಗಿದೆ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

‘ವೆಲ್ಡಿಂಗ್ ಮಾಡಿಕೊಡುತ್ತೇವೆ’ ಎಂದರೆ? ಸ್ಟ್ಯಾಂಡಿನಂಥ ಸಣ್ಣ ಭಾಗಕ್ಕೆ ಪರವಾಗಿಲ್ಲ, ಅದೂ ಕಂಪನಿಯ ಒಪ್ಪಿಗೆ ಕಾಗದದಲ್ಲಿದ್ದರೆ. ಹೆಡ್ ಟ್ಯೂಬ್, ಸ್ವಿಂಗ್ ಆರ್ಮ್ ಜಾಗಕ್ಕೆ ನಾನು ಒಪ್ಪುವುದಿಲ್ಲ. ಬೆಸುಗೆಯ ಬಿಸಿಗೆ ಪಕ್ಕದ ಲೋಹದ ಗುಣ ಬದಲಾಗುತ್ತದೆ. ಶಾಖ ಕೊಟ್ಟು ಗಟ್ಟಿಮಾಡಿದ ಅಲ್ಯೂಮಿನಿಯಂ ಆ ಜಾಗದಲ್ಲಿ ಮೆದುವಾಗುತ್ತದೆ.

ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ಗ್ರಾಹಕ ವಿಭಾಗಕ್ಕೆ ಫೋಟೊ ಸಮೇತ ಬರೆಯಿರಿ. ಆಗಲೂ ಆಗದಿದ್ದರೆ ಹೊರಗಿನ ಎಂಜಿನಿಯರ್‌ನಿಂದ ವರದಿ ಮಾಡಿಸಿ ಗ್ರಾಹಕ ದೂರಿನ ದಾರಿ ಹಿಡಿಯಿರಿ. ಅಲ್ಲಿಯವರೆಗೂ ಬಿರುಕು ಇದ್ದ ಹಾಗೇ ಇರಲಿ.

ಹೊಸ ಫ್ರೇಮ್ ಬಂದ ಮೇಲೆ

ಫ್ರೇಮ್ ಬದಲಾಯಿಸುವುದೆಂದರೆ ಇಡೀ ಬೈಕ್ ಬಿಚ್ಚಿ ಮತ್ತೆ ಕಟ್ಟುವ ಕೆಲಸ. ಚಾಸಿ ನಂಬರ್ ಹಳೆಯದೇ ಕೊರೆಯುತ್ತಾರೋ, ಹೊಸದು ಬರುತ್ತದೋ ಎಂದು ಕೆಲಸ ಶುರುವಾಗುವ ಮುಂಚೆಯೇ ಕೇಳಿ. ಹೊಸದಾದರೆ ನೋಂದಣಿ, ವಿಮೆ ಎರಡರಲ್ಲೂ ತಿದ್ದಿಸಬೇಕು, ಅದಕ್ಕೆ ಕಂಪನಿಯ ಪತ್ರ ಬೇಕು. ಬೈಕ್ ಕೈಗೆ ಬಂದಾಗ ಹ್ಯಾಂಡಲ್ ಪೂರ್ತಿ ತಿರುಗಿಸಿ, ವೈರ್, ಕೇಬಲ್ ಎಳೆಯುತ್ತಿದೆಯೇ ನೋಡಿ. ಎರಡು ಚಕ್ರ ಒಂದೇ ಸಾಲಿನಲ್ಲಿವೆಯೇ ನೋಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ವಾಪಸ್ ಹೋಗಿ ಎಂಜಿನ್ ಬೋಲ್ಟ್‌ಗಳನ್ನೂ ಸ್ಟೀರಿಂಗ್ ಬೇರಿಂಗನ್ನೂ ಇನ್ನೊಮ್ಮೆ ಬಿಗಿ ನೋಡಿಸಿ. ಆ ಹಳೆಯ ಬಿರುಕು ಇದ್ದ ಜಾಗವನ್ನು ನಾನಂತೂ ಈಗಲೂ ಪ್ರತಿ ಸಲ ತೊಳೆದಾಗ ಟಾರ್ಚ್ ಹಾಕಿ ನೋಡುತ್ತೇನೆ.